ಅಣುವಿಲ್ಲದ ಉಪ್ಪು

ಅಂಕೋಲೆ ಪೇಟೆಗೆ ಹೊಂದಿಕೊಂಡ ಬೊಬ್ರುವಾಡದಂಥ ಊರುಗಳಲ್ಲಿ ಮಗು ಕಾರಣವಿಲ್ಲದೆ ರಚ್ಚೆ ಹಿಡಿದರೆ, ಮನೆಯ ಹಿರಿಯರು ಒಂದು ಮುಷ್ಟಿ ಕಲ್ಲುಪ್ಪು ತಂದು ನಿವಾಳಿಸಿ ಉರಿಯುವ ಒಲೆಗೆ ಹಾಕುವುದು ಈಗಲೂ ಉಂಟು. ಉಪ್ಪು ಚಟಪಟ ಸಿಡಿಯುತ್ತದೆ. ಸಿಡಿತ ಜೋರಾದಷ್ಟೂ ತಾಗಿದ ದೃಷ್ಟಿ ಜೋರು ಎಂದು ಲೆಕ್ಕ. ಪೊಟ್ಟಣದ ಪುಡಿ ಉಪ್ಪನ್ನು ಹಾಕಿದರೆ ಅಷ್ಟು ಸದ್ದು ಬರುವುದಿಲ್ಲ. ಎರಡೂ ಸೋಡಿಯಂ ಕ್ಲೋರೈಡೇ. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಹರಳಿನ ಹೊಟ್ಟೆಯಿಂದ ಬಂತು. ಸಾಣಿಕಟ್ಟಾ ಎಂಬ ಊರಿನ ಆಗರದ (ಉಪ್ಪಿನ ಗದ್ದೆಯ) ಒಂದು ಉಪ್ಪಿನ ಕಾಳನ್ನು ಅಂಗೈ ಮೇಲಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿ. ಅಂಚುಗಳು ನೇರ, ಮೂಲೆಗಳು ಲಂಬಕೋನ. ಕೆಲವು ಕಾಳುಗಳ ಮುಖದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿಯುವ ಚೌಕದ ಕುಳಿ ಇರುತ್ತದೆ. ಒಳಗೆ ಬೆಳ್ಳನೆಯ ಮಸುಕು. ಬಿಸಿಲು ಚುರುಕಾಗಿ ನೀರು ಬೇಗ ಆರುವಾಗ ಹರಳಿನ ಮೂಲೆ ಮತ್ತು ಅಂಚುಗಳಿಗೆ ಹೊಸ ಉಪ್ಪು ಹೆಚ್ಚು ಸಿಗುತ್ತದೆ, ನಡುಭಾಗ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತದೆ. ಹಾಗೆ ಕುಳಿ ಆಗುತ್ತದೆ. ಮುಂದೆ ಕುಳಿಯ ಬಾಯಿ ಮುಚ್ಚಿಕೊಂಡಾಗ ಅಲ್ಲಿದ್ದ ಉಪ್ಪುನೀರು ಒಳಗೇ ಸೆರೆಯಾಗುತ್ತದೆ. ನಮಗೆ ಕಾಣುವ ಮಸುಕು ಎಂದರೆ ಬಿಡಿಬಿಡಿಯಾಗಿ ಕಣ್ಣಿಗೆ ಸಿಗದಷ್ಟು ಸಣ್ಣ ಹನಿಗಳ ಗುಂಪು. ಒಲೆಯ ಬಿಸಿಗೆ ಆ ನೀರು ಆವಿಯಾಗಲು ಹೊರಡುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಹರಳು ಬಾಗಿ ಬಳುಕಿ ಜಾಗ ಬಿಟ್ಟುಕೊಡುವ ಜಾತಿಯದಲ್ಲ, ಸೀಳುತ್ತದೆ. ಆ ಸೀಳುವ ಸದ್ದೇ ಚಟಪಟ. ಕಾರ್ಖಾನೆಯ ಪುಡಿ ಉಪ್ಪು ಸಣ್ಣ ಕಣಗಳದ್ದು, ಒಣಗಿಸಿದ್ದು. ಸೆರೆನೀರು ಕಡಿಮೆ, ಸದ್ದೂ ಕಡಿಮೆ. ಉರಿ ಆ ಗಳಿಗೆಯಲ್ಲಿ ಹಳದಿಗೆ ತಿರುಗುವುದು ಸೋಡಿಯಂನ ಗುರುತು. ಬಿಸಿಗೆ ಮೇಲಿನ ಮಟ್ಟಕ್ಕೆ ಏರಿದ ಅದರ ಎಲೆಕ್ಟ್ರಾನ್ ಕೆಳಗಿಳಿಯುವಾಗ ಸುಮಾರು 589 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿಡುತ್ತದೆ.

ಬಾಗದೆ ಸೀಳುವ ಸ್ವಭಾವ ಏಕೆ ಬಂತು ಎಂದು ಕೇಳಿದರೆ ಉಪ್ಪಿನೊಳಗಿನ ಬಂಧದ ಬುಡಕ್ಕೆ ಹೋಗಬೇಕಾಗುತ್ತದೆ.

ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಡುತ್ತದೆ, ಇಬ್ಬರ ಹೊರಕವಚವೂ ಭರ್ತಿಯಾಗುತ್ತದೆ, ಇಬ್ಬರೂ ಸ್ಥಿರರಾಗುತ್ತಾರೆ ಎಂದು ಶಾಲೆಯಲ್ಲಿ ಓದುತ್ತೇವೆ. ಈ ವಿವರಣೆ ಅರ್ಧ ಮಾತ್ರ ಸರಿ, ಬಿಟ್ಟ ಅರ್ಧವೇ ಮುಖ್ಯವಾದದ್ದು. ಸೋಡಿಯಂ ತನ್ನ ಎಲೆಕ್ಟ್ರಾನನ್ನು ಖುಷಿಯಿಂದ ಬಿಟ್ಟುಕೊಡುವುದಿಲ್ಲ. ಅದನ್ನು ಕಿತ್ತುಕೊಳ್ಳಲು ಒಂದು ಮೋಲ್‌ಗೆ ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡಾಗ ಮರಳಿ ಬರುವುದು ಸುಮಾರು 349 ಮಾತ್ರ. ಅಂದರೆ ಕೊಡುಕೊಳ್ಳುವ ವ್ಯವಹಾರವೊಂದನ್ನೇ ನೋಡಿದರೆ ನಷ್ಟ. ಈ ನಷ್ಟ ತುಂಬಿ ಮೇಲೆ ದೊಡ್ಡ ಲಾಭ ತರುವುದು ಹೀಗೆ ವಿದ್ಯುದಂಶ ಪಡೆದ ಪರಮಾಣುಗಳು, ಅಂದರೆ ಅಯಾನುಗಳು, ಒಟ್ಟುಗೂಡಿ ಸಾಲುಗಟ್ಟಿ ನಿಲ್ಲುವ ಕ್ರಿಯೆ. ಬಿಡಿ ಅಯಾನುಗಳು ಸೇರಿ ಹರಳಾದಾಗ ಮೋಲ್‌ಗೆ ಸುಮಾರು 787 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಉಪ್ಪು ಉಪ್ಪಾಗಿ ನಿಂತಿರುವುದು ಈ ಜೋಡಣೆಯ ಬಲದಿಂದ.

ಜೋಡಣೆ ಹೇಗಿದೆ? ಪ್ರತಿ ಸೋಡಿಯಂ ಅಯಾನಿನ ಮೇಲೆ, ಕೆಳಗೆ, ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಒಂದೊಂದರಂತೆ 6 ಕ್ಲೋರೈಡ್ ಅಯಾನುಗಳು. ಪ್ರತಿ ಕ್ಲೋರೈಡಿನ ಸುತ್ತಲೂ ಅದೇ ರೀತಿ 6 ಸೋಡಿಯಂಗಳು. ಪಕ್ಕಪಕ್ಕದ ಎರಡರ ಕೇಂದ್ರಗಳ ನಡುವೆ 0.282 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದ ಕಾಳಿನ ಒಂದೇ ಅಂಚಿನಲ್ಲಿ ಸುಮಾರು 35 ಲಕ್ಷ ಅಯಾನುಗಳು ಒಂದು ಬಿಟ್ಟು ಒಂದರಂತೆ ನಿಂತಿವೆ. ಇದರಲ್ಲಿ ಯಾವ ಸೋಡಿಯಂ ಯಾವ ಕ್ಲೋರಿನ್‌ನ ಜೊತೆಗಾರ? ಹೇಳಲು ಬರುವುದಿಲ್ಲ. ಆರೂ ಒಂದೇ ದೂರದಲ್ಲಿವೆ, ಆರರ ಸೆಳೆತವೂ ಒಂದೇ. ನೀರಿಗೆ ಅಣು ಉಂಟು, ಸಕ್ಕರೆಗೆ ಅಣು ಉಂಟು, ಉಪ್ಪಿನ ಹರಳಿನಲ್ಲಿ ಅಣು ಎಂಬುದೇ ಇಲ್ಲ. NaCl ಎಂಬ ಸೂತ್ರ ಹೇಳುವುದು ಎರಡರ ಅನುಪಾತವನ್ನು ಮಾತ್ರ.

ಈ ಜೋಡಣೆಯನ್ನು 1913ರಲ್ಲಿ ಎಕ್ಸ್ ಕಿರಣ ಹಾಯಿಸಿ ತೋರಿಸಿದವರು ಭೌತವಿಜ್ಞಾನಿ ವಿಲಿಯಂ ಹೆನ್ರಿ ಬ್ರಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರಾಗ್. 1915ರಲ್ಲಿ ಇಬ್ಬರಿಗೂ ನೊಬೆಲ್ ಬಂದಾಗ ಮಗನ ವಯಸ್ಸು 25. ಆದರೂ ರಸಾಯನ ವಿಜ್ಞಾನಿಗಳೆಲ್ಲ ಒಪ್ಪಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ಬ್ರಿಟಿಷ್ ರಸಾಯನ ವಿಜ್ಞಾನಿ 1927ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದಾಗ, ‘ನೇಚರ್’ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಬಡಪಾಯಿ ಉಪ್ಪನ್ನು ಚದುರಂಗದ ಹಾಸಾಗಿ ಮಾಡಿಬಿಟ್ಟಿದ್ದಾರೆ ಎಂಬುದು ಅವರ ಕೋಪ. ಜೀವಮಾನವಿಡೀ ಅಣುಗಳ ಲೆಕ್ಕದಲ್ಲೇ ರಸಾಯನ ವಿಜ್ಞಾನವನ್ನು ಕಟ್ಟಿದವರಿಗೆ ಅಡುಗೆಮನೆಯ ಉಪ್ಪಿಗೇ ಅಣುವಿಲ್ಲ ಎಂದರೆ ನೋವಾಗುವುದು ಸಹಜ. ಚದುರಂಗದ ಹಾಸೇ ಸರಿಯೆಂದು ಮುಂದೆ ಎಲ್ಲರೂ ಒಪ್ಪಿದರು.

ಈಗ ಹರಳು ಸೀಳುವ ಬಗೆ ನೋಡಿ. ಪೆಟ್ಟು ಬಿದ್ದಾಗ ಒಂದು ಪದರ ಒಂದೇ ಒಂದು ಅಯಾನಿನಷ್ಟು ಸರಿದರೂ ಸೋಡಿಯಂ ಎದುರಿಗೆ ಸೋಡಿಯಂ, ಕ್ಲೋರೈಡ್ ಎದುರಿಗೆ ಕ್ಲೋರೈಡ್ ಬಂದು ನಿಲ್ಲುತ್ತವೆ. ಸೆಳೆತವೆಲ್ಲ ತಳ್ಳಾಟವಾಗುತ್ತದೆ, ಪದರ ಬೇರ್ಪಡುತ್ತದೆ. ಹಾಗಾಗಿ ಕಲ್ಲುಪ್ಪನ್ನು ಒರಳಲ್ಲಿ ಜಜ್ಜಿದರೆ ಚೂರಿನ ಚೂರೂ ಚೌಕ. ಕತ್ತಿಯ ಕಬ್ಬಿಣ ಹೀಗಲ್ಲ. ಅಲ್ಲಿ ಹೊರಗಿನ ಎಲೆಕ್ಟ್ರಾನ್‌ಗಳು ಇಡೀ ತುಂಡಿಗೆ ಸಾಮಾನ್ಯ ಆಸ್ತಿ, ಪದರ ಸರಿದರೂ ಬಂಧ ಉಳಿಯುತ್ತದೆ. ಅದಕ್ಕೇ ಕಮ್ಮಾರ ಕಬ್ಬಿಣವನ್ನು ಬಡಿದು ಬಾಗಿಸಬಲ್ಲ. ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದಕ್ಕೂ ಇದೇ ಬಿಗಿ ಜೋಡಣೆ ಕಾರಣ.

ಈಗ ಈ ಹರಳು ಹುಟ್ಟುವ ಆಗರಕ್ಕೆ ಬರೋಣ. ಸಾಣಿಕಟ್ಟಾ ಇರುವುದು ಗೋಕರ್ಣದ ಹತ್ತಿರ, ಅಘನಾಶಿನಿಯ ಅಳಿವೆಯ ಬದಿಯಲ್ಲಿ. ಅಂಕೋಲೆಯಿಂದ ಹೆಚ್ಚು ದೂರವಲ್ಲ. ಈ ಕರಾವಳಿಯಲ್ಲಿ ಆಗೇರರು ತಲೆತಲಾಂತರದಿಂದ ಉಪ್ಪು ತೆಗೆಯುವ ಸಮುದಾಯ. ಆಗರದ ಕೆಲಸವನ್ನು ಹೊರಗಿನವರು ನೋಡಿದರೆ ನೀರು ಬಿಡುವುದು, ಒಣಗಿಸುವುದು, ಎಳೆದು ಗುಡ್ಡೆ ಹಾಕುವುದು, ಇಷ್ಟೇ ಎನಿಸಬಹುದು. ನಿಜಕ್ಕೂ ಅಲ್ಲಿ ನಡೆಯುವುದು ನಾಜೂಕಾದ ಬೇರ್ಪಡಿಸುವಿಕೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಅದರಲ್ಲಿ ಸೋಡಿಯಂ ಕ್ಲೋರೈಡ್ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಉಳಿದದ್ದು ಬಹುಪಾಲು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಕ್ಲೋರೈಡ್ ಮತ್ತು ಸಲ್ಫೇಟ್‌ಗಳು. ನೀರು ಆರುತ್ತ ಹೋದಂತೆ ಇವು ಒಟ್ಟಿಗೇ ಹರಳಾಗುವುದಿಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್ ತಳ ಸೇರುತ್ತದೆ. ನೀರು ಐದರಲ್ಲೊಂದು ಪಾಲಿಗೆ ಇಳಿಯುವ ಹೊತ್ತಿಗೆ ಜಿಪ್ಸಂ. ಹತ್ತರಲ್ಲೊಂದು ಪಾಲಿಗೆ ಇಳಿದಾಗ ನಮ್ಮ ಉಪ್ಪು. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರು ಬಿಟ್ಟು ಬರುವುದಿಲ್ಲ. ಉಪ್ಪು ಕೂತ ಮೇಲೆ ಉಳಿದ ಕಹಿ ನೀರನ್ನು ಸರಿಯಾದ ಹೊತ್ತಿಗೆ ಹೊರಗೆ ಬಿಡಬೇಕು. ತಡವಾದರೆ ಉಪ್ಪು ಕಹಿ. ಬೇಗನೆ ಬಿಟ್ಟರೆ ಉಪ್ಪಿನ ಪಾಲೇ ಹರಿದುಹೋಗುತ್ತದೆ.

ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ನೆನಪು ಇಲ್ಲಿ ಬರಲೇಬೇಕು. ದಾಂಡಿಯಲ್ಲಿ ಗಾಂಧೀಜಿ ಕಾನೂನು ಮುರಿದ ವಾರದ ನಂತರ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿನ ಜನ ಉಪ್ಪು ತಯಾರಿಸಿ ಕಾನೂನು ಮುರಿದರು. ಸಮುದ್ರದ ನೀರನ್ನು ಪಾತ್ರೆಯಲ್ಲಿಟ್ಟು ಪೂರ್ತಿ ಬತ್ತಿಸಿದರೆ ಸಿಗುವುದು ಎಲ್ಲ ಲವಣಗಳೂ ಬೆರೆತ, ಕಹಿ ನಾಲಗೆಗೆ ತಾಗುವ ಉಪ್ಪು. ಆಗರದ ಉಪ್ಪಿನ ರುಚಿ ಅದಕ್ಕಿರುವುದಿಲ್ಲ. ಹಾಗಿದ್ದರೂ ಅದನ್ನು ತಯಾರಿಸಲು ಒಲೆ, ಪಾತ್ರೆ ಮತ್ತು ಕಡಲು ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಯಾರ ಪರವಾನಗಿಯೂ ಇಲ್ಲದೆ ಹರಳಾಗುವ ವಸ್ತುವಿನ ಮೇಲೆ ಬ್ರಿಟಿಷ್ ಸರ್ಕಾರ ತನ್ನ ಏಕಸ್ವಾಮ್ಯ ಹೇರಿತ್ತು.

ಮೆಗ್ನೀಸಿಯಂ ನೀರು ಬಿಟ್ಟು ಬರುವುದಿಲ್ಲ ಎಂದೆ. ಅದು ಮೊಂಡುತನ ಹಿಡಿಯುವುದಕ್ಕೆ ಖಚಿತ ಕಾರಣವುಂಟು. ಸೋಡಿಯಂ ಅಯಾನಿನ ವಿದ್ಯುದಂಶ ಒಂದು, ತ್ರಿಜ್ಯ ಸುಮಾರು 0.102 ನ್ಯಾನೋಮೀಟರ್. ಮೆಗ್ನೀಸಿಯಂನದು ಎರಡು ವಿದ್ಯುದಂಶ, ತ್ರಿಜ್ಯ 0.072 ಮಾತ್ರ. ಚಿಕ್ಕ ಗೋಲದಲ್ಲಿ ಇಮ್ಮಡಿ ವಿದ್ಯುದಂಶ ತುಂಬಿದರೆ ಅದರ ಸುತ್ತಲಿನ ಸೆಳೆತ ಬಲು ಹರಿತ. ನೀರಿನ ಅಣುವಿನ ಆಕ್ಸಿಜನ್ ತುದಿ ತುಸು ಋಣ, ಹೈಡ್ರೋಜನ್ ತುದಿಗಳು ತುಸು ಧನ. ಮೆಗ್ನೀಸಿಯಂ 6 ನೀರಿನ ಅಣುಗಳನ್ನು ಆಕ್ಸಿಜನ್ ಕಡೆಯಿಂದ ಹಿಡಿದು ಸುತ್ತಿಕೊಂಡುಬಿಡುತ್ತದೆ, ಸೋಡಿಯಂ ಹಿಡಿಯುವುದಕ್ಕಿಂತ ನಾಲ್ಕೈದು ಪಟ್ಟು ಬಿಗಿಯಾಗಿ. ಹರಳಾದಾಗಲೂ ಆ ಆರು ಅಣು ನೀರನ್ನು ಜೊತೆಗೇ ಒಯ್ಯುತ್ತದೆ.

ಆಷಾಢದಲ್ಲಿ ಅಂಕೋಲೆಯ ಮನೆಗಳ ಉಪ್ಪಿನ ಮರಿಗೆಯಲ್ಲಿ ನೀರು ಒಸರುವುದು ಇದೇ ಕಾರಣಕ್ಕೆ. ಗಾಳಿಯ ಆರ್ದ್ರತೆ ಶೇಕಡ 33 ದಾಟಿದರೆ ಸಾಕು, ಮೆಗ್ನೀಸಿಯಂ ಕ್ಲೋರೈಡ್ ಗಾಳಿಯಿಂದಲೇ ನೀರು ಹೀರಿ ತಾನೇ ಕರಗುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಶೇಕಡ 75ರವರೆಗೆ ತಡೆದುಕೊಳ್ಳುತ್ತದೆ. ಕರಾವಳಿಯ ಮಳೆಗಾಲ ಎರಡೂ ಗೆರೆಗಳನ್ನು ದಾಟಿ ಮುಂದೆ ಇರುವುದರಿಂದ ಪೊಟ್ಟಣದ ಉಪ್ಪೂ ಕೊನೆಗೆ ಗಂಟು ಕಟ್ಟುತ್ತದೆ, ಆದರೆ ಕಲ್ಲುಪ್ಪು ಮೊದಲೇ ಅಳಲು ಶುರುಮಾಡುತ್ತದೆ. ಇದರಿಂದ ಒಂದು ಉಪಕಾರವೂ ಉಂಟು. ಗುಡ್ಡೆ ಹಾಕಿಟ್ಟ ಉಪ್ಪಿನಲ್ಲಿ ಕಾಳುಗಳ ಮೈಗೆ ಅಂಟಿದ ಮೆಗ್ನೀಸಿಯಂ ಲವಣ ತೇವ ಹೀರಿ ದ್ರವವಾಗಿ ಕೆಳಗೆ ಜಿನುಗಿ ಹೋಗುತ್ತದೆ. ಗುಡ್ಡೆ ತನ್ನನ್ನು ತಾನೇ ತೊಳೆದುಕೊಂಡ ಹಾಗೆ.

ಮಳೆಗಾಲದ ತೇವಕ್ಕೂ ಅಯೋಡಿನ್‌ಗೂ ಸಂಬಂಧವಿದೆ. ಭಾರತದಲ್ಲಿ 2006ರಿಂದ ಊಟದ ಉಪ್ಪು ಅಯೋಡಿನ್ ಬೆರೆಸಿದ್ದೇ ಆಗಿರಬೇಕೆಂಬ ನಿಯಮವಿದೆ. ಬೆರೆಸುವುದು ಪೊಟ್ಯಾಸಿಯಂ ಅಯೊಡೈಡನ್ನಲ್ಲ, ಪೊಟ್ಯಾಸಿಯಂ ಅಯೊಡೇಟನ್ನು. ಅಯೊಡೈಡಿನಲ್ಲಿ ಅಯೋಡಿನ್ ಒಂಟಿ ಅಯಾನು. ತೇವ ಮತ್ತು ಗಾಳಿ ಸಿಕ್ಕರೆ ಎಲೆಕ್ಟ್ರಾನ್ ಕಳೆದುಕೊಂಡು ಅಯೋಡಿನ್ ಆವಿಯಾಗಿ ಹಾರಿಹೋಗುತ್ತದೆ. ಅಯೊಡೇಟಿನಲ್ಲಿ ಅದು ಮೂರು ಆಕ್ಸಿಜನ್‌ಗಳ ಜೊತೆ ಎಲೆಕ್ಟ್ರಾನ್ ಹಂಚಿಕೊಂಡು ಸಹವೇಲೆನ್ಸಿ ಬಂಧದಲ್ಲಿ ಕಟ್ಟಿಕೊಂಡಿದೆ, ಸುಲಭಕ್ಕೆ ಬಿಡಿಸಿಕೊಳ್ಳದು. ಅದೇ ಮೂಲವಸ್ತು, ಬಂಧ ಮಾತ್ರ ಬೇರೆ. ಗಳಗಂಡದಿಂದ ಮಕ್ಕಳನ್ನು ಕಾಯುವ ಒಂದು ರಾಷ್ಟ್ರೀಯ ಕಾರ್ಯಕ್ರಮ ನಿಂತಿರುವುದು ಈ ಬಂಧದ ಆಯ್ಕೆಯ ಮೇಲೆ.

ಇನ್ನು ಕರಗುವ ವಿಷಯ. ಒಂದು ಬಟ್ಟಲಲ್ಲಿ ನೀರು, ಇನ್ನೊಂದರಲ್ಲಿ ತೆಂಗಿನೆಣ್ಣೆ ತೆಗೆದುಕೊಂಡು ಎರಡಕ್ಕೂ ಚಿಟಿಕೆ ಉಪ್ಪು ಹಾಕಿ ಕಲಕಿ. ನೀರಿನಲ್ಲಿ ಮಾಯ. ಎಣ್ಣೆಯಲ್ಲಿ ಮರುದಿನವೂ ತಳದಲ್ಲೇ ಕೂತಿರುತ್ತದೆ. ನೀರಿನ ನಡುವೆ ಎರಡು ಅಯಾನುಗಳ ಸೆಳೆತ ಹತ್ತಿರಹತ್ತಿರ ಎಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಣ್ಣೆಯ ಅಣುಗಳಿಗೆ ಆ ಧನ-ಋಣ ತುದಿಗಳ ಬಲ ಸಾಲದು. ಹಾಗೆಂದು ನೀರಿಗೂ ಇದು ಸಲೀಸಲ್ಲ. ಹರಳನ್ನು ಒಡೆಯಲು ಹೋಗುವ ಶಕ್ತಿ, ಅಯಾನುಗಳನ್ನು ನೀರು ಸುತ್ತಿಕೊಂಡಾಗ ಬರುವ ಶಕ್ತಿ ಎರಡೂ ಹೆಚ್ಚುಕಡಿಮೆ ಸಮ. ಅದಕ್ಕೇ ಉಪ್ಪು ಕರಗಿದಾಗ ನೀರು ಬಿಸಿಯಾಗುವುದಿಲ್ಲ, ತುಸುವೇ ತಣ್ಣಗಾಗುತ್ತದೆ. 100 ಮಿಲಿಲೀಟರ್ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಿದರೆ, ಕುದಿಯುವಾಗ ಕರಗುವುದು 39 ಗ್ರಾಂ. ಕಾಯಿಸಿ ತಣಿಸಿದರೆ ಹೆಚ್ಚು ಉಪ್ಪು ಹರಳಾಗಿ ಬೀಳದು, ನೀರೇ ಹೋಗಬೇಕು. ಉಪ್ಪಿಗೆ ಬಿಸಿಲೂ ಅಗಲವಾದ ಗದ್ದೆಯೂ ಬೇಕಾಗುವುದು ಇದಕ್ಕೇ.

ಸಕ್ಕರೆಯ ಕಥೆಯೇ ಬೇರೆ. ಅದರ ಒಂದೊಂದು ಅಣುವಿನಲ್ಲಿ 45 ಪರಮಾಣುಗಳು ಸಹವೇಲೆನ್ಸಿ ಬಂಧದಿಂದ ಗಟ್ಟಿಯಾಗಿ ಕೂಡಿವೆ. ಆದರೆ ಅಣುವಿಗೂ ಅಣುವಿಗೂ ನಡುವೆ ಇರುವುದು ಸಡಿಲವಾದ ಹೈಡ್ರೋಜನ್ ಬಂಧ. ಬಿಸಿನೀರಿನಲ್ಲಿ ಅದು ತಣ್ಣೀರಿನಲ್ಲಿ ಕರಗುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕರಗುತ್ತದೆ, ತಣಿಸಿದರೆ ಹರಳು ಕಟ್ಟುತ್ತದೆ. ಉತ್ತರ ಕನ್ನಡದ ಜೋನಿಬೆಲ್ಲ ಮಾತ್ರ ತಿಂಗಳುಗಟ್ಟಲೆ ದ್ರವವಾಗಿಯೇ ಉಳಿಯುತ್ತದೆ. ಕಬ್ಬಿನ ಹಾಲಿನಲ್ಲಿರುವ, ಮತ್ತು ಕುದಿಯುವಾಗ ಸುಕ್ರೋಸ್ ಒಡೆದು ಹುಟ್ಟುವ ಗ್ಲುಕೋಸ್ ಮತ್ತು ಫ್ರಕ್ಟೋಸ್ ಅಣುಗಳು ಸುಕ್ರೋಸ್ ಸಾಲಿನ ನಡುವೆ ನುಗ್ಗಿ ಜೋಡಣೆ ಕೆಡಿಸುತ್ತವೆ. ಆಕಾರ ಹೊಂದದ ಅತಿಥಿಗಳಿದ್ದರೆ ಹರಳು ಬೆಳೆಯುವುದು ಕಷ್ಟ. ದೋಸೆಗೆ ಹರಿಯುವ ಜೋನಿ ಸಿಗುವುದು ಹಾಗೆ.

ಜೋಡಣೆಯ ಮಹಿಮೆಗೆ ಇನ್ನೂ ಸ್ಪಷ್ಟವಾದ ಸಾಕ್ಷಿ ಅಳಿವೆಯ ಚಿಪ್ಪುಗಳಲ್ಲಿದೆ. ಕೆಸರಿನಲ್ಲಿ ಸಿಗುವ ಬಳಚಿನ ಚಿಪ್ಪೂ, ಬಂಡೆಗೆ ಅಂಟಿ ಬೆಳೆಯುವ ಸಿಂಪಿಯ ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ. ಎರಡನ್ನೂ ಸುಟ್ಟರೆ ಸಿಗುವುದು ಒಂದೇ ಸುಣ್ಣ. ಆದರೆ ಬಳಚಿನ ಚಿಪ್ಪು ಅರಗೊನೈಟ್ ಎಂಬ ಹರಳಿನದು, ಸಿಂಪಿಯದು ಬಹುಪಾಲು ಕ್ಯಾಲ್ಸೈಟ್. ಕ್ಯಾಲ್ಸೈಟ್‌ನಲ್ಲಿ ಪ್ರತಿ ಕ್ಯಾಲ್ಸಿಯಂ ಸುತ್ತ 6 ಆಕ್ಸಿಜನ್, ಅರಗೊನೈಟ್‌ನಲ್ಲಿ 9. ಸೂತ್ರದಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ, ಆದರೆ ಅರಗೊನೈಟ್ ಹೆಚ್ಚು ಸಾಂದ್ರ, ಹೆಚ್ಚು ಗಟ್ಟಿ. ಕಡಲಿನಲ್ಲಿ ಅರಗೊನೈಟ್ ಹುಟ್ಟಲು ಅನುಕೂಲ ಮಾಡಿಕೊಡುವುದು ನಾವು ಆಗಲೇ ಕಂಡ ಮೆಗ್ನೀಸಿಯಂ. ಕ್ಯಾಲ್ಸೈಟ್ ಬೆಳೆಯುವ ಜಾಗದಲ್ಲಿ ಹೊಕ್ಕು ಅದರ ಬೆಳವಣಿಗೆಯನ್ನು ತಡೆಯುತ್ತದೆ. ಇದಲ್ಲದೆ ಜೀವಿ ತನ್ನ ಪ್ರೋಟೀನಿನ ತೆಳು ಪದರಗಳನ್ನು ಹರಳುಗಳ ನಡುವೆ ಹಾಸುತ್ತದೆ. ಬಿರುಕು ಹೊರಟರೆ ಪದರದಿಂದ ಪದರಕ್ಕೆ ತಿರುಗಿ ತಿರುಗಿ ಸೋತು ನಿಲ್ಲುತ್ತದೆ. ಬರೀ ಹರಳಾಗಿದ್ದರೆ ಉಪ್ಪಿನ ಕಾಳಿನಂತೆ ಒಂದೇ ಪೆಟ್ಟಿಗೆ ಸೀಳುತ್ತಿತ್ತು.

ಮತ್ತೆ ಉಪ್ಪಿಗೆ ಬರೋಣ. ಕಾರವಾರದ ಬಳಿಯ ಬಿಣಗಾದಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಇದೇ ಉಪ್ಪಿನ ಬಂಧವನ್ನು ವಿದ್ಯುತ್ತಿನಿಂದ ಬಿಡಿಸುತ್ತಾರೆ. ಒಣ ಹರಳಿನಲ್ಲಿ ವಿದ್ಯುತ್ ಹರಿಯದು, ಅಯಾನುಗಳು ತಮ್ಮ ಜಾಗ ಬಿಟ್ಟು ಕದಲುವಂತಿಲ್ಲ. ನೀರಿನಲ್ಲಿ ಕರಗಿಸಿದರೆ ಅವು ಓಡಾಡುತ್ತವೆ. ಧನ ವಿದ್ಯುದ್ವಾರದಲ್ಲಿ ಕ್ಲೋರಿನ್ ಅನಿಲ ಹೊರಡುತ್ತದೆ. ಋಣ ವಿದ್ಯುದ್ವಾರದಲ್ಲಿ ಸೋಡಿಯಂ ಲೋಹ ಸಿಗುವುದಿಲ್ಲ, ಅದರ ಬದಲು ನೀರೇ ಒಡೆದು ಹೈಡ್ರೋಜನ್ ಬರುತ್ತದೆ, ದ್ರಾವಣದಲ್ಲಿ ಕಾಸ್ಟಿಕ್ ಸೋಡಾ ಉಳಿಯುತ್ತದೆ. ಸೋಡಿಯಂ ಲೋಹವೇ ಬೇಕೆಂದರೆ ನೀರನ್ನು ಪೂರ್ತಿ ದೂರವಿಡಬೇಕು. 1807ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಕರಗಿಸಿದ ಕಾಸ್ಟಿಕ್ ಸೋಡಾದ ಮೂಲಕ ವಿದ್ಯುತ್ ಹಾಯಿಸಿ ಅದನ್ನು ಮೊದಲ ಬಾರಿ ಪಡೆದದ್ದು ಹಾಗೆ. ಇಂಥ ಕಾರ್ಖಾನೆಗಳು ಉಪ್ಪುನೀರಿನಲ್ಲಿ ಉಳಿದ ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಮೊದಲೇ ತೆಗೆದುಹಾಕುತ್ತವೆ, ಇಲ್ಲದಿದ್ದರೆ ಅವು ಕೋಶದ ಪೊರೆಯಲ್ಲಿ ಕಟ್ಟಿಕೊಂಡು ಅದನ್ನು ಹಾಳುಮಾಡುತ್ತವೆ. ಆಗೇರರು ಗದ್ದೆಯಿಂದ ಕಹಿ ನೀರು ಹೊರಬಿಟ್ಟದ್ದೂ, ಕಾರ್ಖಾನೆ ಉಪ್ಪುನೀರು ಶುದ್ಧಿ ಮಾಡುವುದೂ ಬೇಡದ ಅದೇ ಅಯಾನನ್ನು ದೂರವಿಡುವ ಕೆಲಸ.

ಅಂಕೋಲೆ, ಕುಮಟಾ, ಕಾರವಾರದ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ರಾಸಾಯನಿಕ ಬಂಧದ ಪಾಠವನ್ನು ಕಪ್ಪುಹಲಗೆಯ ಚುಕ್ಕೆಗಳಿಂದ ಆರಂಭಿಸಬೇಡಿ. ಬೇಸಿಗೆ ರಜೆಗೆ ಮೊದಲು, ಆಗರದಲ್ಲಿ ಉಪ್ಪು ಕೂರುವ ದಿನಗಳಲ್ಲಿ, ಮಕ್ಕಳನ್ನು ಸಾಣಿಕಟ್ಟಾಕ್ಕೆ ಕರೆದೊಯ್ಯಿರಿ. ಕೈಗೊಂದು ಭೂತಗನ್ನಡಿ ಕೊಡಿ. ಗದ್ದೆಯ ಅಂಚಿನಲ್ಲಿ ಆಗತಾನೇ ಹುಟ್ಟುವ ಚೌಕದ ಹರಳನ್ನು ಅವರೇ ಹುಡುಕಲಿ, ಕಹಿ ನೀರನ್ನು ಬೆರಳ ತುದಿಯಲ್ಲಿ ಅದ್ದಿ ರುಚಿ ನೋಡಲಿ, ನೀರು ಯಾವಾಗ ಬಿಡಬೇಕೆಂದು ಹೇಗೆ ತಿಳಿಯುತ್ತದೆ ಎಂದು ಅಲ್ಲಿ ದುಡಿಯುವವರನ್ನೇ ಕೇಳಲಿ. ಮಳೆ ಹಿಡಿಯಿತೆಂದರೆ ಆ ವರ್ಷದ ಆಗರ ಮುಗಿಯಿತು, ಹೋಗುವುದಿದ್ದರೆ ಅದಕ್ಕೆ ಮೊದಲೇ ಹೋಗಬೇಕು.